ಕೂಲಿ ಕೇಳದ ಗಣಕಯಂತ್ರಗಳು

ನಮ್ಮ ಆದವಾನಿ ಸೀಮೆಯಲ್ಲಿ ಹತ್ತಿ ಒಡೆದಾಗ ಒಬ್ಬರೇ ಬಿಡಿಸಿ ಮುಗಿಸಲಾರರು. ಆಳಿಗೊಂದು ಸಾಲು ಹಂಚಿಕೊಂಡರೆ ಕೆಲಸ ಬೇಗ ಸಾಗುತ್ತದೆ. ವಿಜ್ಞಾನಿಗಳೂ ದೊಡ್ಡ ಲೆಕ್ಕಗಳನ್ನು ಹೀಗೆಯೇ ಹಂಚುತ್ತಾರೆ.

1999ರಲ್ಲಿ ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯವು 'ಸೆಟಿ ಅಟ್ ಹೋಮ್' ಯೋಜನೆಯನ್ನು ಆರಂಭಿಸಿತು. ಆಕಾಶದಿಂದ ಬಂದ ರೇಡಿಯೋ ಅಲೆಗಳ ದಾಖಲೆಯನ್ನು ತುಂಡು ತುಂಡು ಮಾಡಿ ಮನೆಮನೆಯ ಗಣಕಯಂತ್ರಗಳಿಗೆ ಕಳುಹಿಸಿತು. 2020ರಲ್ಲಿ ಆ ಹಂಚಿಕೆ ನಿಂತಿತು. ಆದರೆ ಅಲ್ಲಿ ರೂಪುಗೊಂಡ 'ಬೋಯಿಂಕ್' ತಂತ್ರಾಂಶ ಬೇರೆ ಯೋಜನೆಗಳಿಗೂ ನೆರವಾಯಿತು. ಅಂಥ ಒಂದು ಯೋಜನೆಯಾದ 'ಐನ್‌ಸ್ಟೈನ್ ಅಟ್ ಹೋಮ್'ನಲ್ಲಿ, 2010ರಲ್ಲಿ, ಅಮೆರಿಕದ ದಂಪತಿಗಳ ಹಾಗೂ ಜರ್ಮನಿಯ ಒಬ್ಬರ ಗಣಕಯಂತ್ರಗಳು ಹೊಸ ಪಲ್ಸಾರ್ ನಕ್ಷತ್ರವೊಂದನ್ನು ಪತ್ತೆಹಚ್ಚಿದವು.

ಇಂದಿನ ಗಣಕಯಂತ್ರದಲ್ಲಿ ನಾಲ್ಕು, ಎಂಟು 'ಕೋರ್'ಗಳಿರುತ್ತವೆ. ಒಂದೇ ಮನೆಯಲ್ಲಿ ನಾಲ್ಕಾರು ಆಳುಗಳಿದ್ದಂತೆ. ಒಂದೊಂದು ಕೋರ್ ಒಂದೊಂದು ತುಂಡಿನ ಲೆಕ್ಕ ಮಾಡಬಲ್ಲದು. ಲೆಕ್ಕ ತಪ್ಪದಿರಲೆಂದು ಅನೇಕ ಯೋಜನೆಗಳು ಒಂದೇ ತುಂಡನ್ನು ಎರಡು ಯಂತ್ರಗಳಿಗೆ ಕೊಟ್ಟು ಉತ್ತರಗಳನ್ನು ತಾಳೆ ನೋಡುತ್ತವೆ.

ಎಲ್ಲ ಕೋರ್‌ಗಳೂ ದುಡಿದರೆ ವಿದ್ಯುತ್ತು ಹೆಚ್ಚು ಖರ್ಚಾಗುತ್ತದೆ, ಯಂತ್ರವೂ ಕಾಯುತ್ತದೆ. ನಮ್ಮೂರಿನ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಆದುದರಿಂದ ಅರ್ಧ ಕೋರ್‌ಗಳಿಗೆ ಮಾತ್ರ ಕೆಲಸ ಕೊಡುವಂತೆ ತಂತ್ರಾಂಶದಲ್ಲಿ ಗೊತ್ತುಮಾಡಬಹುದು. ವಿದ್ಯಾರ್ಥಿಗಳೇ, ಕರೆಂಟು ಬಿಲ್ಲು ಕಟ್ಟುವ ಹಿರಿಯರನ್ನು ಕೇಳಿಯೇ ಇದಕ್ಕೆ ಕೈಹಾಕೋಣ. ದಾನ ನಮ್ಮದಾದರೂ ಖರ್ಚು ಮನೆಯವರದು.