ಡೈಪರ್ ಎಣಿಸಿ ಉಳಿಸುವ ಹಣ

ಮರೆವಿನ ಕಾಯಿಲೆಯ ಹಿರಿಯರು ಇರುವ ಮನೆಯ ತಿಂಗಳ ಲೆಕ್ಕದಲ್ಲಿ ಮಾತ್ರೆಗೊಂದು ಸಾಲು ಇರುತ್ತದೆ, ಡಾಕ್ಟರ ಫೀಸಿಗೊಂದು ಸಾಲು ಇರುತ್ತದೆ. ಬಟ್ಟೆಯಲ್ಲೇ ಒಂದು, ಎರಡು ಆಗಿಬಿಡುವುದರಿಂದ ಬೀಳುವ ಖರ್ಚು ಮಾತ್ರ ‘ಇತರೆ’ ಎಂಬ ಕೊನೆಯ ಸಾಲಿನಲ್ಲಿ ಅಡಗಿರುತ್ತದೆ. ಹೇಳಿಕೊಳ್ಳಲು ಸಂಕೋಚ, ಹಾಗಾಗಿ ಬರೆಯಲೂ ಸಂಕೋಚ. ಬರೆಯದ ಖರ್ಚಿಗೆ ಯೋಜನೆ ಇರುವುದಿಲ್ಲ, ಅದನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವುದೂ ಇಲ್ಲ. ದುಡ್ಡು ಬಿಗಿಯಾದಾಗ ಮನೆಯವರಿಗೆ ಹೊಳೆಯುವ ಉಪಾಯ ಒಂದೇ: ಹಾಕಿದ ಡೈಪರನ್ನು ಇನ್ನೂ ಎರಡು ಗಂಟೆ ಹಾಗೇ ಬಿಡುವುದು. ಅಮ್ಮನ ಆರೈಕೆಯ ಲೆಕ್ಕವನ್ನು ಬರೆದಿಡುತ್ತಾ ಬಂದವಳಾಗಿ ನನಗೆ ಖಚಿತವಾಗಿರುವ ಮಾತೆಂದರೆ, ಈ ಕಾಯಿಲೆಯಲ್ಲಿ ಇದಕ್ಕಿಂತ ದುಬಾರಿ ಉಳಿತಾಯ ಇನ್ನೊಂದಿಲ್ಲ. ಹಣ ಉಳಿಯಬೇಕಾದದ್ದು ಡೈಪರ್ ಬದಲಿಸುವುದರಲ್ಲಲ್ಲ, ಡೈಪರ್ ಬೇಕಾಗುವ ಹೊತ್ತನ್ನು ಕಡಿಮೆ ಮಾಡುವುದರಲ್ಲಿ.

ಮೊದಲು ಮೊತ್ತ ನೋಡೋಣ. ಮೆಡಿಕಲ್ ಶಾಪಿನಲ್ಲಿ ದೊಡ್ಡವರ ಡೈಪರ್ ಒಂದಕ್ಕೆ ಸುಮಾರು 35ರಿಂದ 50 ರೂಪಾಯಿ. ದಿನಕ್ಕೆ ನಾಲ್ಕು ಅಂದರೆ ತಿಂಗಳಿಗೆ ನಾಲ್ಕರಿಂದ ಆರು ಸಾವಿರ. ಹಾಸಿಗೆಯ ಮೇಲೆ ಹಾಸುವ ಪ್ಯಾಡ್, ಕೈಗವಸು, ಚರ್ಮಕ್ಕೆ ಹಚ್ಚುವ ಮುಲಾಮು ಇದರ ಮೇಲೆ. 2025ರ ಸೆಪ್ಟೆಂಬರ್ 22ರಿಂದ ಡೈಪರಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಒಳ್ಳೆಯದೇ ಆಯಿತು, ಆದರೆ ಹೊರೆ ಇಳಿದಂತಾಗಲಿಲ್ಲ. ಆರೋಗ್ಯ ವಿಮೆಯಿಂದ ಏನೂ ನಿರೀಕ್ಷಿಸಬೇಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿ ಯಾವುದೇ ಬಗೆಯ ಡೈಪರ್ ಕೂಡ ಸಾಮಾನ್ಯ ಪಾಲಿಸಿ ಭರಿಸಬೇಕಿಲ್ಲದ ವಸ್ತು, ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅಷ್ಟೆ. ಇದು ನಾಲ್ಕಾರು ಮನೆಗಳ ಕಷ್ಟವಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ. ಅವರಲ್ಲಿ ಬಹುಪಾಲು ಮಂದಿಯನ್ನು ನೋಡಿಕೊಳ್ಳುತ್ತಿರುವುದು ಮನೆಯವರೇ.

ಹಿಡಿತ ತಪ್ಪಿತೆಂದರೆ ಮೂತ್ರಕೋಶ ಕೈಕೊಟ್ಟಿತೆಂದೇ ನಾವು ತೀರ್ಮಾನಿಸಿಬಿಡುತ್ತೇವೆ. ಮರೆವಿನ ಕಾಯಿಲೆಯ ನಡುಹಂತದಲ್ಲಿ ಎಷ್ಟೋ ಸಲ ಮೂತ್ರಕೋಶ ಸರಿಯಾಗಿಯೇ ಇರುತ್ತದೆ; ದಾರಿ ತಪ್ಪಿರುತ್ತದೆ. ಬಚ್ಚಲಿನ ಬಾಗಿಲು ಯಾವುದು ಎಂಬುದು ಮರೆತಿರುತ್ತದೆ. ಬಿಳಿ ಟೈಲ್ಸಿನ ನಡುವೆ ಬಿಳಿ ಕಮೋಡ್ ಅವರ ಕಣ್ಣಿಗೆ ಬೇರೆಯಾಗಿ ಕಾಣುವುದೇ ಇಲ್ಲ. ಪೈಜಾಮದ ಲಾಡಿಯ ಗಂಟನ್ನು ಬೆರಳು ತಡಕುತ್ತಿರುವಾಗಲೇ ಹೊತ್ತು ಮೀರಿರುತ್ತದೆ. ಕಮೋಡಿಗೆ ಗಾಢ ಬಣ್ಣದ ಸೀಟು, ಬಾಗಿಲ ಮೇಲೆ ದೊಡ್ಡ ಚಿತ್ರ, ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಗೋಡೆಗೊಂದು ಹಿಡಿಕೆ, ಲಾಡಿಯ ಬದಲು ಎಲಾಸ್ಟಿಕ್, ಮಂಚದ ಪಕ್ಕ ಒಂದು ಕಮೋಡ್ ಕುರ್ಚಿ: ಇವೆಲ್ಲ ಸೇರಿದರೂ ಡೈಪರಿನ ಎರಡು ಮೂರು ತಿಂಗಳ ಖರ್ಚನ್ನು ಮೀರುವುದಿಲ್ಲ. ಒಮ್ಮೆ ಮಾಡಿದರೆ ವರ್ಷಗಟ್ಟಲೆ ಬರುತ್ತದೆ. ಇದಕ್ಕೂ ಮೊದಲು ಆಗಬೇಕಾದದ್ದು ಡಾಕ್ಟರ ತಪಾಸಣೆ. ಉರಿಮೂತ್ರದ ಸೋಂಕು, ಏರಿದ ಸಕ್ಕರೆ, ಗಂಡಸರಲ್ಲಿ ಪ್ರಾಸ್ಟೇಟ್, ಸಂಜೆ ನುಂಗಿದ ಬಿಪಿಯ ನೀರಿನ ಮಾತ್ರೆ, ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಂತ ಮಲ, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು, ಮತ್ತು ಇವಕ್ಕೆ ಪರಿಹಾರ ಇದೆ. ವಯಸ್ಸಾಯಿತಲ್ಲ ಎಂದು ನೇರವಾಗಿ ಡೈಪರ್ ಪ್ಯಾಕಿಗೆ ಕೈ ಹಾಕಿದರೆ, ಒಂದು ಮೂತ್ರ ಪರೀಕ್ಷೆಯಿಂದ ನಿಲ್ಲಬಹುದಾಗಿದ್ದ ಖರ್ಚನ್ನು ಜೀವಮಾನವಿಡೀ ಹೊತ್ತಂತೆ.

ಮೂತ್ರ ಹಿಡಿದಿಡುವ ಮಾತ್ರೆಯೇ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಆದರೆ ಆಕ್ಸಿಬ್ಯುಟಿನಿನ್‌ನಂತಹ ಹಳೆಯ ಮಾತ್ರೆಗಳು ಮಿದುಳಿನಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್‌ನ ಕೆಲಸವನ್ನೇ ತಡೆಯುತ್ತವೆ. ಮರೆವಿಗೆಂದು ಕೊಡುವ ಡೊನೆಪೆಜಿಲ್ ಅದೇ ರಾಸಾಯನಿಕವನ್ನು ಹೆಚ್ಚಿಸುತ್ತದೆ. ಒಂದಕ್ಕೆ ಕೊಟ್ಟ ಹಣವನ್ನು ಇನ್ನೊಂದು ತಿಂದುಹಾಕುತ್ತದೆ. ಅಷ್ಟೇ ಅಲ್ಲ, ಡೊನೆಪೆಜಿಲ್ ಗುಂಪಿನ ಮಾತ್ರೆ ಶುರುಮಾಡಿದವರಿಗೆ ಮೂತ್ರ ಹಿಡಿದಿಡುವ ಮಾತ್ರೆಯನ್ನೂ ಬರೆಯುವ ಸಂಭವ ಹೆಚ್ಚು ಎಂದು ಕೆನಡಾದ ಒಂಟಾರಿಯೊದ ಅಧ್ಯಯನವೊಂದು 2005ರಲ್ಲಿ ತೋರಿಸಿತು. ಮೊದಲ ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದುಕೊಂಡು ಎರಡನೆಯ ಮಾತ್ರೆ ಬರೆದಂತಾಗುತ್ತದೆ. ಹಾಗೆಂದು ನೀವೇ ಮಾತ್ರೆ ನಿಲ್ಲಿಸಬಾರದು. ಮನೆಯ ಎಲ್ಲ ಚೀಟಿಗಳನ್ನೂ ಒಟ್ಟಿಗೆ ಒಬ್ಬ ಡಾಕ್ಟರ ಮುಂದೆ ಇಟ್ಟು, ಯಾವುದು ಬೇಡ ಎಂದು ಕೇಳಬೇಕು. ಮೂತ್ರ ಹಿಡಿದಿಡುವ ಮಾತ್ರೆಗಿಂತಲೂ ಕೆಟ್ಟ ಉಪಾಯ ನೀರು ಕುಡಿಸದಿರುವುದು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಉರಿ ಹೆಚ್ಚುತ್ತದೆ, ಮಲ ಕಟ್ಟುತ್ತದೆ, ಸೋಂಕು ಬಂದು ಇದ್ದ ಬುದ್ಧಿಯೂ ಕಲಕಿಹೋಗುತ್ತದೆ. ಆಮೇಲೆ ಆಸ್ಪತ್ರೆಯ ಬಿಲ್ಲು.

ಎರಡು ಮೂರು ಗಂಟೆಗೊಮ್ಮೆ ‘ಬನ್ನಿ ಅಮ್ಮ, ಒಂದಕ್ಕೆ ಹೋಗಿ ಬರೋಣ’ ಎಂದು ತಾವಾಗಿಯೇ ಕರೆದೊಯ್ಯುವ ಅಭ್ಯಾಸದಿಂದ ಹಗಲಿನ ಒದ್ದೆ ಕಡಿಮೆಯಾಗುತ್ತದೆಂದು ಹಿರಿಯರ ಆರೈಕೆ ಕೇಂದ್ರಗಳಲ್ಲಿ ನಡೆದ ಅಧ್ಯಯನಗಳು ಹೇಳುತ್ತವೆ. ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ: ಹಾಗೆ ಕರೆದೊಯ್ಯಲು ದಿನವಿಡೀ ಒಬ್ಬರು ಬೇಕು, ಬೆಂಗಳೂರಿನಲ್ಲಿ ಹಗಲಿಗೊಬ್ಬ ಆಯಾ ಎಂದರೆ ತಿಂಗಳಿಗೆ 20 ಸಾವಿರದ ಆಚೀಚೆ, ಅದಕ್ಕಿಂತ ಡೈಪರೇ ಅಗ್ಗವಲ್ಲವೇ? ಬರೀ ಅಂಕಿಯಲ್ಲಿ ಅಗ್ಗ ನಿಜ. ಆದರೆ ಡಿಮೆನ್ಷಿಯಾ ಇರುವವರ ಬಳಿ ಹೇಗೂ ಒಬ್ಬರು ಇರಲೇಬೇಕು, ಒಲೆ ಹಚ್ಚಿಬಿಟ್ಟರೆ, ಬಾಗಿಲು ತೆಗೆದು ಹೊರಟುಬಿಟ್ಟರೆ ಎಂಬ ಭಯಕ್ಕೆ. ಡೈಪರ್ ಹಾಕಿದರೂ ಆ ಸಂಬಳ ಉಳಿಯುವುದಿಲ್ಲ. ಇಡೀ ದಿನ ಆಗದ ಮನೆಯಲ್ಲಿ ಎದ್ದ ತಕ್ಷಣ, ತಿಂಡಿ ಊಟದ ನಂತರ, ಮಲಗುವ ಮುನ್ನ ಕರೆದೊಯ್ದರೂ ಎಷ್ಟೋ ಆಯಿತು. ಕಾಯಿಲೆ ಬಲಿತಂತೆ ಈ ಅಭ್ಯಾಸ ಫಲಿಸದೇ ಹೋಗುತ್ತದೆ. ಆಗ ಬಿಟ್ಟುಬಿಡಬೇಕು; ಎಳೆದೊಯ್ದು ಅವರನ್ನು ಗಾಬರಿಪಡಿಸುವುದು ಆರೈಕೆಯಲ್ಲ.

ರಾತ್ರಿಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಹೆಚ್ಚು ಹೀರುವ, ತುಸು ದುಬಾರಿಯಾದ ಡೈಪರನ್ನೇ ರಾತ್ರಿಗೆ ಇಟ್ಟುಕೊಳ್ಳಿ. ಅದು ಇಬ್ಬರ ನಿದ್ದೆಯನ್ನು ಕೊಂಡಂತೆ. ಹಳೇ ಸೀರೆಯ ತುಂಡು ಪುಕ್ಕಟೆ ಅಲ್ಲವೇ ಎಂಬ ಅಜ್ಜಿಯಂದಿರ ಮಾತಿಗೆ ಗೌರವವಿಟ್ಟೇ ಹೇಳುತ್ತೇನೆ: ಬಟ್ಟೆ ಒದ್ದೆಯನ್ನು ಚರ್ಮಕ್ಕೆ ಅಂಟಿಸಿಯೇ ಇಡುತ್ತದೆ, ಒಗೆಯುವ ಕೈಗಳ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಎಪ್ಪತ್ತೆಂಬತ್ತರ ವಯಸ್ಸಿನ ತೊಡೆಸಂದಿಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಒದ್ದೆಯಲ್ಲಿ ನೆನೆದರೆ ಮೊದಲು ಕೆಂಪಾಗುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ, ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಅಲ್ಲೇ ಹಾಸಿಗೆ ಹುಣ್ಣಾಗುತ್ತದೆ. ಆ ಹುಣ್ಣಿಗೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಿಸುವ ಖರ್ಚಿನ ಮುಂದೆ ಉಳಿಸಿದ ಡೈಪರುಗಳ ಬೆಲೆ ಏನೇನೂ ಅಲ್ಲ. ಎರಡು ಆಗಿದ್ದರಂತೂ ಒಂದು ನಿಮಿಷವೂ ಕಾಯುವ ಮಾತಿಲ್ಲ.

ಚಿಕಿತ್ಸೆಯ ಖರ್ಚಿಗೆ, ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಡಿಡಿಬಿ ಎಂದೇ ಪರಿಚಿತವಾದ ಕಡಿತವಿದೆ. ಅದರ ಕಾಯಿಲೆಗಳ ಪಟ್ಟಿಯಲ್ಲಿ ಡಿಮೆನ್ಷಿಯಾದ ಹೆಸರೇ ಇದೆ. 60 ದಾಟಿದವರ ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷದವರೆಗೆ, ಶೇ 40 ಅಥವಾ ಹೆಚ್ಚಿನ ನ್ಯೂನತೆ ಇದೆಯೆಂದು ನರರೋಗ ತಜ್ಞರು ಬರೆದುಕೊಟ್ಟರೆ. ಚೀಟಿಯನ್ನು ಮಾರ್ಚ್‌ವರೆಗೆ ಕಾಯದೆ ಈಗಲೇ ಬರೆಸಿಕೊಳ್ಳಿ. ಇನ್ನು ಒಡಹುಟ್ಟಿದವರ ಪಾಲು. ಬೇರೆ ಊರಿನಲ್ಲೋ ವಿದೇಶದಲ್ಲೋ ಇರುವವರು ಡೈಪರಿನ ಬಿಲ್ಲು ಕಟ್ಟಿದರೆ ತಮ್ಮ ಪಾಲು ಮುಗಿಯಿತೆಂದುಕೊಳ್ಳುತ್ತಾರೆ. ಆದರೆ ರಾತ್ರಿ ಎರಡಕ್ಕೆ ಎದ್ದು ಚಾದರ ಬದಲಿಸುವವರು ಸಾಮಾನ್ಯವಾಗಿ ಮಗಳೋ ಸೊಸೆಯೋ. ಅವರು ಬಿಟ್ಟ ಕೆಲಸದ ಸಂಬಳ ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಆದ್ದರಿಂದ ‘ಇತರೆ’ಯನ್ನು ಒಡೆದು ಎರಡು ಹೊಸ ಸಾಲು ಬರೆಯಿರಿ. ಒಂದು ಸಾಮಾನಿಗೆ. ಇನ್ನೊಂದು, ವಾರದಲ್ಲಿ ಎರಡು ರಾತ್ರಿಗಾದರೂ ಬೇರೆಯವರನ್ನು ಗೊತ್ತುಮಾಡಿ ಆಕೆಯನ್ನು ಮಲಗಗೊಡುವ ಹಣಕ್ಕೆ. ಎರಡನೆಯದನ್ನು ದೂರದಲ್ಲಿರುವವರೇ ಪೂರ್ತಿ ಕೊಡಲಿ.