ಹದ್ದಿನ ಗೂಡಿನ ಎದುರು

ಸ್ವಚ್ಛಂದವಾಗಿ ಬದುಕುವ ಹಕ್ಕಿಗಳ ಚಿತ್ರ ತೆಗೆಯುವುದು ನನ್ನ ಬಹುಕಾಲದ ಹವ್ಯಾಸ. ವೃತ್ತಿಯಿಂದ ನಾನು ಅಂಚೆ ಕಚೇರಿಯ ಗುಮಾಸ್ತನಾಗಿದ್ದೆ. ಭಾನುವಾರಗಳು, ಕೂಡಿಟ್ಟ ರಜೆಯ ದಿನಗಳು, ಸಂಬಳದಲ್ಲಿ ಉಳಿಸಿ ಕೊಂಡ ಒಂದು ಕ್ಯಾಮರಾ, ದೂರದ ವಸ್ತುವನ್ನು ಹತ್ತಿರ ತೋರುವ 400 ಮಿಲಿಮೀಟರಿನ ಒಂದು ಮಸೂರ, ಇಷ್ಟೇ ನನ್ನ ಬಂಡವಾಳ. ಇಂತಿಷ್ಟು ದಿನದಲ್ಲಿ ಚಿತ್ರವನ್ನು ಒಪ್ಪಿಸಬೇಕೆಂಬ ಕಟ್ಟುಪಾಡು ಹವ್ಯಾಸಿಗೆ ಇಲ್ಲ. ಅದು ಅವನ ಭಾಗ್ಯ. ಆದರೆ ಗುರುವಿಲ್ಲದೆ ಹೊರಟವನು ಮಾಡುವ ತಪ್ಪಿಗೆ ಕೆಲವೊಮ್ಮೆ ಹಕ್ಕಿಯೇ ದಂಡ ತೆರಬೇಕಾಗುತ್ತದೆ. ಈ ಪಾಠವನ್ನು ನನಗೆ ಕಲಿಸಿದ್ದು ಕಡಲ ಹದ್ದಿನ ಒಂದು ಗೂಡು.

ಉತ್ತರ ಕನ್ನಡದಲ್ಲಿ ಅಘನಾಶಿನಿ ನದಿಯು ಕಡಲನ್ನು ಸೇರುವ ಎಡೆಗೆ ಸಮೀಪದ ಹಳ್ಳಿಯೊಂದರಲ್ಲಿ ಆ ಗೂಡು ಇತ್ತು. ಬಿಳಿಹೊಟ್ಟೆಯ ಕಡಲ ಹದ್ದು ನಮ್ಮ ಕರಾವಳಿಯ ದೊಡ್ಡ ಬೇಟೆಗಾರ ಹಕ್ಕಿಗಳಲ್ಲಿ ಒಂದು. ಇದರ ತಲೆ, ಎದೆ, ಹೊಟ್ಟೆಗಳು ಹಾಲಿನಂತೆ ಬಿಳುಪು; ಬೆನ್ನು ಮತ್ತು ರೆಕ್ಕೆಗಳು ಬೂದುಬಣ್ಣ. ರೆಕ್ಕೆಗಳನ್ನು ಬಿಚ್ಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 2 ಮೀಟರು ಅಗಲ. ಮೀನು ಮತ್ತು ಕಡಲಹಾವುಗಳು ಇದರ ಮುಖ್ಯ ಆಹಾರ. ಗಂಡುಹೆಣ್ಣುಗಳು ಜೊತೆಗೂಡಿ ಎತ್ತರವಾದ ಮರದ ಕವಲಿನಲ್ಲಿ ಕಡ್ಡಿಗಳ ಅಟ್ಟಣೆಯಂತಹ ಗೂಡನ್ನು ಕಟ್ಟುತ್ತವೆ. ಅದನ್ನೇ ವರ್ಷವರ್ಷವೂ ದುರಸ್ತಿ ಮಾಡಿ ಬಳಸುವುದರಿಂದ ಗೂಡು ಬೆಳೆಯುತ್ತಲೇ ಹೋಗುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಸುಮಾರು ಆರು ವಾರಗಳ ಕಾವು. ಮರಿ ಹಾರಲು ಮತ್ತೆ ಸುಮಾರು ಹತ್ತು ವಾರಗಳು. ಎಷ್ಟೋ ಸಲ ಉಳಿಯುವುದು ಒಂದೇ ಮರಿ. ಅದೂ ಹೋದರೆ ಆ ಜೋಡಿಯ ಒಂದು ವರ್ಷದ ಶ್ರಮವೆಲ್ಲ ವ್ಯರ್ಥ.

ಗೂಡಿದ್ದ ಮಾವಿನ ಮರವು ಗುಡ್ಡದ ಬುಡದಲ್ಲಿ, ಒಬ್ಬ ಮುದುಕಿಯ ತೋಟದ ಅಂಚಿನಲ್ಲಿತ್ತು. ಅವರ ಮನೆಯವರು ಆ ಮರಕ್ಕೆ ಎಂದೂ ಕೊಡಲಿ ಹಾಕಿದವರಲ್ಲ. ನಾನು 1984ರ ಜನವರಿಯಲ್ಲಿ ಅಲ್ಲಿಗೆ ಹೋದಾಗ ಗೂಡಿನಲ್ಲಿ ಬಿಳಿಯ ತುಪ್ಪುಳು ಹೊದೆದ ಒಂದು ಮರಿಯಿತ್ತು. ಆದರೆ ಎಲೆಗಳಿಂದ ದಟ್ಟವಾದ ಕೊಂಬೆಯೊಂದು ಗೂಡಿನ ಅರ್ಧವನ್ನು ಮರೆಮಾಡಿತ್ತು. ಅಜ್ಜಿಯವರು ಪೇಟೆಗೆ ಹೋಗಿದ್ದ ದಿನ, ಮರ ಹತ್ತಬಲ್ಲ ಹುಡುಗನೊಬ್ಬನಿಗೆ ಹಣ ಕೊಟ್ಟು ಆ ಕೊಂಬೆಯನ್ನು ಕಡಿಸಿದೆ. ಗೂಡು ಸ್ಪಷ್ಟವಾಗಿ ಕಂಡಿತು. ನಾನು ಗುಡ್ಡದ ಇಳಿಜಾರಿನಲ್ಲಿ, ಯಾವ ಮರೆಯೂ ಇಲ್ಲದೆ, ಕ್ಯಾಮರಾ ಹಿಡಿದು ನಿಂತೆ.

ತಾಯಿಹಕ್ಕಿ ಮರಳಿ ಬಂತು, ನನ್ನನ್ನು ಕಂಡಿತು, ಗೂಡಿಗೆ ಇಳಿಯದೆ ಮೇಲೆಯೇ ಸುತ್ತುತ್ತ ಗಟ್ಟಿಯಾಗಿ ಕೂಗತೊಡಗಿತು. ಈಗ ಇಳಿದೀತು, ಇನ್ನೊಂದು ಗಳಿಗೆಗೆ ಇಳಿದೀತು ಎಂದು ನಾನು ಕಾದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಮರಿಯ ಮೇಲೆ ಬೀಳುತ್ತಿತ್ತು. ಅದು ಬಾಯಿ ತೆರೆದು ಏದುತ್ತಿದ್ದುದನ್ನು ನಾನು ಮಸೂರದ ಮೂಲಕ ಕಂಡೆ; ಕಂಡು ಚಿತ್ರವನ್ನೂ ತೆಗೆದೆ. ಸಂಜೆಗೆ ಹೊರಟಾಗ ಕಾಗೆಗಳು ಪಕ್ಕದ ಮರದಲ್ಲಿ ಸೇರಿದ್ದವು. ಮರುದಿನ ಬೆಳಿಗ್ಗೆ ಗೂಡು ಬರಿದಾಗಿತ್ತು.

ಅಜ್ಜಿಯವರು ಬೈಯಲಿಲ್ಲ. ಕಡಿದ ಕೊಂಬೆಯನ್ನು ನೋಡಿದರು, ಮೇಲೆ ನೋಡಿದರು. ಆಮೇಲೆ, "ನಿನ್ನ ಪಟ ಚೆನ್ನಾಗಿ ಬಂತೇ, ತಮ್ಮಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ವರ್ಷವೆಲ್ಲ ನಾನು ಹಕ್ಕಿಗಳ ಛಾಯಾಗ್ರಹಣವನ್ನು ಕುರಿತು ದೊರೆತುದನ್ನೆಲ್ಲ ಓದಿದೆ. ಇಂಗ್ಲೆಂಡಿನ ಪ್ರಖ್ಯಾತ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ ಅವರು 1937ರಲ್ಲಿ ಮರಿಗಳನ್ನು ಕಾಯುತ್ತಿದ್ದ ಗೂಬೆಯೊಂದು ಎರಗಿದ್ದರಿಂದ ಎಡಗಣ್ಣನ್ನು ಕಳೆದುಕೊಂಡರು. ಆದರೂ ಅವರು ಹಕ್ಕಿಗಳ ಸಂಗವನ್ನು ಬಿಡಲಿಲ್ಲ. ಮುಂದೆಯೂ ದಶಕಗಳ ಕಾಲ ಅವುಗಳ ಚಿತ್ರಗಳನ್ನು ತೆಗೆದರು. ಗೂಬೆಯಾದರೋ ತನ್ನ ಮರಿಗಳನ್ನು ಕಾಪಾಡಿಕೊಂಡಿತು. ನನ್ನ ಹದ್ದಿಗೆ ಅದೂ ಸಾಧ್ಯವಾಗಲಿಲ್ಲ. ಚಿತ್ರಕ್ಕಿಂತ ಹಕ್ಕಿಯ ಕ್ಷೇಮ ದೊಡ್ಡದು ಎಂಬುದೇ ಈ ಕಲೆಯ ಮೊದಲ ನಿಯಮವೆಂದು ಆಗ ತಿಳಿಯಿತು.

ಮಳೆಗಾಲ ಕಳೆಯಿತು. ಹದ್ದುಗಳು ಅದೇ ಮರಕ್ಕೆ ಮರಳಿ ಬಂದವು. ನಾನು ಅಂಜುತ್ತಲೇ ಹೋಗಿ ಅಜ್ಜಿಯವರ ಒಪ್ಪಿಗೆ ಬೇಡಿದೆ. "ಮರವನ್ನು ಮುಟ್ಟಬಾರದು" ಎಂಬ ಒಂದೇ ಷರತ್ತಿನ ಮೇಲೆ ಅವರು ಒಪ್ಪಿದರು. ಕಾವಿಗೆ ಕುಳಿತ ಹಕ್ಕಿ ಬೆದರಿದರೆ ಗೂಡನ್ನೇ ತೊರೆದೀತು. ಆದುದರಿಂದ ಮೊಟ್ಟೆಯೊಡೆದು ಮರಿ ಕೊಂಚ ಬಲಿಯುವವರೆಗೆ ನಾನು ಆ ಕಡೆ ಸುಳಿಯಲಿಲ್ಲ. ಬಳಿಕ ಬಿದಿರು ಮತ್ತು ತೆಂಗಿನ ಗರಿಗಳಿಂದ ಒಂದು ಸಣ್ಣ ಮರೆಗುಡಿಸಲನ್ನು ಗುಡ್ಡದ ಇಳಿಜಾರಿನಲ್ಲಿ, ಗೂಡಿನಿಂದ 150 ಮೀಟರು ದೂರದಲ್ಲಿ ಕಟ್ಟಿದೆ. ಹಕ್ಕಿಗಳು ಅದಕ್ಕೆ ಒಗ್ಗಿದಂತೆಲ್ಲ ಕೆಲವು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸಿ, 60 ಮೀಟರಿಗೆ ನಿಲ್ಲಿಸಿದೆ. ಇಳಿಜಾರಿನ ಆ ಎಡೆ ಗೂಡಿನಷ್ಟೇ ಎತ್ತರದಲ್ಲಿತ್ತು.

ಒಳಹೋಗುವುದಕ್ಕೂ ಒಂದು ಉಪಾಯವುಂಟು. ಗೆಳೆಯನೊಬ್ಬನ ಜೊತೆ ಗುಡಿಸಲಿಗೆ ಹೋಗುವುದು; ಸ್ವಲ್ಪ ಹೊತ್ತಿನ ಮೇಲೆ ಅವನೊಬ್ಬನೇ ಹೊರಬಂದು ಹೊರಟುಹೋಗುವುದು. ಬಂದವರು ಇಬ್ಬರು, ಹೋದವನು ಒಬ್ಬ ಎಂಬ ಲೆಕ್ಕ ಹೆಚ್ಚಿನ ಹಕ್ಕಿಗಳಿಗೆ ಹತ್ತುವುದಿಲ್ಲ. ಒಳಗೆ ಉಳಿದವನು ಮಾತ್ರ ಕೆಮ್ಮದೆ, ಕದಲದೆ, ಬೆವರು ಒರೆಸಿಕೊಳ್ಳದೆ ಗಂಟೆಗಟ್ಟಲೆ ಕುಳಿತಿರಬೇಕು. ಕ್ಯಾಮರಾದ ಮೊದಲ ಸದ್ದಿಗೆ ತಾಯಿಹಕ್ಕಿ ತಲೆಯೆತ್ತಿತು. ಅದು ಮತ್ತೆ ನೆಮ್ಮದಿಗೊಳ್ಳುವವರೆಗೆ ನಾನು ಕೈಯನ್ನು ಮಡಿಲಲ್ಲಿಟ್ಟುಕೊಂಡೆ.

ಆ ದಿನ ಕಂಡುದನ್ನು ನಾನು ಮರೆಯಲಾರೆ. ಗಂಡುಹಕ್ಕಿ ಕಡಲಹಾವೊಂದನ್ನು ಉಗುರುಗಳಲ್ಲಿ ಹಿಡಿದು ತಂದಿತು. ಅಷ್ಟು ಬಲವಾದ ಕೊಕ್ಕಿನ ತಾಯಿ ಅದನ್ನು ಚೂರುಚೂರಾಗಿ ಹರಿದು, ತಲೆಯನ್ನು ಓರೆಮಾಡಿ, ಮರಿಯ ಬಾಯಿಗೆ ಮೆಲ್ಲನೆ ಇಟ್ಟಿತು. ಬಿಸಿಲೇರಿದಾಗ ಎದ್ದು ನಿಂತು, ಸೂರ್ಯನ ಕಡೆಗೆ ಬೆನ್ನುಮಾಡಿ, ರೆಕ್ಕೆಗಳನ್ನು ಅರೆಬಿಚ್ಚಿ ಮರಿಗೆ ನೆರಳು ಮಾಡಿತು. ಕಡಿದ ಕೊಂಬೆಯ ಕಡೆಯಿಂದ ಬಿಸಿಲು ಇನ್ನೂ ಬರುತ್ತಿತ್ತು. ಆ ಕೊಂಬೆ ಮಾಡುತ್ತಿದ್ದ ಕೆಲಸವನ್ನು ಈಗ ತಾಯಿಯೇ ಬಾಯಿ ತೆರೆದು ಏದುತ್ತ ಮಾಡುತ್ತಿತ್ತು. ಹಿಂದಿನ ವರ್ಷ ನಾನು ಕಡಿಸಿದ್ದು ಏನೆಂಬುದು ಆಗ ನನಗೆ ಅರ್ಥವಾಯಿತು.

ಆ ನೋಟದ ಚಿತ್ರ ನನ್ನಲ್ಲಿದೆ. ಉಳಿದ ಎಲೆಗಳು ಅದರ ಒಂದು ಮೂಲೆಯನ್ನು ಮುಚ್ಚಿವೆ. ಮಾರ್ಚಿಯಲ್ಲಿ ಮರಿ ಹಾರಿದ ಮೇಲೆ ಅದನ್ನು ಅಜ್ಜಿಯವರಿಗೆ ತೋರಿಸಿ, "ಎಲೆಗಳು ಅಡ್ಡ ಬಂದಿವೆ" ಎಂದೆ. ಅವರು ನಕ್ಕು, "ಇರಲಿ ಬಿಡು ತಮ್ಮಾ, ಅದು ಅವುಗಳ ಮನೆಯ ಮಾಡು" ಎಂದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬ ಮಾತಿಗೆ ಕೊಡುವ ಅರ್ಥದಲ್ಲಿ, ಕಾಡುಹಕ್ಕಿಗಳ ಮೊಟ್ಟೆಗಳನ್ನು ಅಥವಾ ಗೂಡನ್ನು ಕದಡುವುದೂ ಸೇರಿದೆ. ಕೋವಿಯ ಬದಲು ಕ್ಯಾಮರಾ ಹಿಡಿದ ಮಾತ್ರಕ್ಕೆ ನಾನು ಬೇಟೆಗಾರನಲ್ಲವೆಂದು ಭಾವಿಸಿದ್ದೆ. ಅದು ತಪ್ಪು ತಿಳಿವಳಿಕೆ. ಇಂದು ಕ್ಯಾಮರಾಗಳು ಅನೇಕರ ಕೈಯಲ್ಲಿವೆ. ಗೂಡೊಂದು ಇರುವ ಸ್ಥಳ ಗಳಿಗೆಯೊಳಗೆ ನೂರಾರು ಜನರಿಗೆ ತಿಳಿಯಬಲ್ಲದು. ಆದುದರಿಂದ ಗೂಡಿನ ಚಿತ್ರವನ್ನು ತೆಗೆಯದಿರುವುದೇ ಲೇಸೆಂದು ಅನೇಕ ಹಿರಿಯ ಛಾಯಾಗ್ರಾಹಕರು ಹೇಳುತ್ತಾರೆ. ನಾನೂ ಈಗ ಗೂಡುಗಳ ಬಳಿಗೆ ಹೋಗುವುದಿಲ್ಲ. ಕಡಲ ದಂಡೆಯಲ್ಲಿ ಕುಳಿತು, ಹಾರುವ ಹದ್ದನ್ನು ದೂರದಿಂದ ನೋಡುತ್ತೇನೆ. ಚಿತ್ರ ಸಿಕ್ಕಿದರೆ ಸಂತೋಷ. ಸಿಕ್ಕದಿದ್ದರೆ ಹಕ್ಕಿಯಂತೂ ಕ್ಷೇಮ.

ಅಭ್ಯಾಸ

1. ಲೇಖಕರು ಮೊದಲ ವರ್ಷ ಮಾಡಿದ ತಪ್ಪುಗಳು ಯಾವುವು?
2. ಮರೆಗುಡಿಸಲನ್ನು ಗೂಡಿನ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಸರಿಸಿದ್ದೇಕೆ?
3. "ನಿನ್ನ ಪಟ ಚೆನ್ನಾಗಿ ಬಂತೇ, ತಮ್ಮಾ?" ಈ ಮಾತನ್ನು ಸಂದರ್ಭದೊಡನೆ ವಿವರಿಸಿ.
4. "ಅದು ಅವುಗಳ ಮನೆಯ ಮಾಡು" ಎಂಬ ಮಾತಿನ ಸ್ವಾರಸ್ಯವನ್ನು ತಿಳಿಸಿ.