ಸರ್ವರ್ ತಪ್ಪನ್ನು ತಿಳಿಸುವ ಬಗೆ

ಮೊಬೈಲಿನಲ್ಲಿ ರೈಲು ಟಿಕೆಟ್ಟಿನ ಹಣವನ್ನು ಕಟ್ಟುತ್ತಿರುವಾಗ ತೆರೆಯ ಮೇಲೆ ‘ಏನೋ ತಪ್ಪಾಗಿದೆ’ ಎಂಬ ಒಕ್ಕಣೆ ಮೂಡಿತೆಂದು ಭಾವಿಸೋಣ. ಹಣ ಸಂದಾಯವಾಯಿತೆ? ಮತ್ತೊಮ್ಮೆ ಯತ್ನಿಸಿದರೆ ಎರಡು ಬಾರಿ ತೆತ್ತಂತಾಗುವುದೆ? ಈ ಒಕ್ಕಣೆಯಿಂದ ನಮಗೆ ಏನೊಂದೂ ತಿಳಿಯದು. ತಪ್ಪನ್ನು ಸರಿಯಾಗಿ ತಿಳಿಸುವುದೂ ಒಂದು ವಿದ್ಯೆಯೇ ಸರಿ.

ಮೊಬೈಲಿನ ಆ್ಯಪ್ ದೂರದಲ್ಲಿರುವ ಸರ್ವರ್ ಎಂಬ ಗಣಕಕ್ಕೆ ಕೋರಿಕೆಯನ್ನು ಕಳುಹಿಸಿ ಉತ್ತರವನ್ನು ಪಡೆಯುತ್ತದೆ. ಕೋರಿಕೆ ಹೇಗಿರಬೇಕು, ಉತ್ತರ ಹೇಗಿರುವುದು ಎಂಬ ಕಟ್ಟಳೆಗೆ ಎಪಿಐ ಎಂದು ಹೆಸರು. ಅಂತರಜಾಲದಲ್ಲಿ ಇದು ಸಾಮಾನ್ಯವಾಗಿ ಎಚ್‌ಟಿಟಿಪಿ ನಿಯಮಗಳನ್ನು ಅನುಸರಿಸುತ್ತದೆ. ಅವುಗಳಂತೆ ಉತ್ತರದ ಆರಂಭದಲ್ಲಿಯೇ ಮೂರಂಕಿಯ ಸಂಖ್ಯೆಯೊಂದು ಇರುತ್ತದೆ. ಮೊದಲ ಅಂಕಿ 2 ಆಗಿದ್ದರೆ ಕೆಲಸ ಕೈಗೂಡಿತು. 4 ಆಗಿದ್ದರೆ ದೋಷ ಕೋರಿಕೆಯದು. 5 ಆಗಿದ್ದರೆ ಸರ್ವರಿನ ಕಡೆಯದು.

ಉಳಿದ ಎರಡು ಅಂಕಿಗಳು ವಿವರವನ್ನು ಸೂಚಿಸುತ್ತವೆ. 400 ಎಂದರೆ ಕೋರಿಕೆಯ ರೂಪವೇ ಸರಿಯಿಲ್ಲ. 401 ಎಂದರೆ ಕೇಳಿದವರ ಗುರುತು ರುಜುವಾತಾಗಿಲ್ಲ. 403 ಎಂದರೆ ಅನುಮತಿಯಿಲ್ಲ. 404 ಎಂದರೆ ಕೇಳಿದ್ದು ಸಿಗಲಿಲ್ಲ. ಇವುಗಳಲ್ಲಿ ಅದೇ ಕೋರಿಕೆಯನ್ನು ತಿದ್ದದೆ ಮತ್ತೆ ಕಳುಹಿಸಿ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಆದರೆ 429 ಎಂದರೆ ಕೋರಿಕೆಗಳು ಮಿತಿಮೀರಿವೆ. 503 ಎಂದರೆ ಸೇವೆ ಸದ್ಯಕ್ಕೆ ದೊರೆಯದು. ಆಗ ಎಷ್ಟು ಸೆಕೆಂಡುಗಳ ಬಳಿಕ ಮರಳಬೇಕೆಂಬುದನ್ನೂ ಸರ್ವರ್ ತಿಳಿಸಬಹುದು.

ಸಂಖ್ಯೆಯೊಂದೇ ಸಾಲದು. ಯಾವ ಬಗೆಯ ತಪ್ಪು, ಈ ಬಾರಿ ಆದದ್ದೇನು ಎಂಬುದನ್ನು ಒಂದೇ ಮಾದರಿಯಲ್ಲಿ ಬರೆಯುವ ಕ್ರಮವನ್ನು ಐಇಟಿಎಫ್ ಸಂಸ್ಥೆ 2016ರಲ್ಲಿ ಪ್ರಕಟಿಸಿ, 2023ರಲ್ಲಿ ಪರಿಷ್ಕರಿಸಿತು. ಕೆಲವು ಸೇವೆಗಳು ತಪ್ಪಾದಾಗಲೂ 200 ಎಂಬ ಯಶಸ್ಸಿನ ಸಂಖ್ಯೆಯನ್ನೇ ಕಳುಹಿಸುವುದುಂಟು. ಸಂಖ್ಯೆಯನ್ನು ನಂಬಿದ ಆ್ಯಪ್ ಆಗ ಮೋಸಹೋಗುತ್ತದೆ.

ಇನ್ನು ನಮ್ಮ ಟಿಕೆಟ್ಟಿನ ಪ್ರಶ್ನೆ. 504 ಎಂದರೆ ನಡುವಿನ ಸರ್ವರಿಗೆ ಮುಂದಿನ ಸರ್ವರಿನಿಂದ ಸಕಾಲದಲ್ಲಿ ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೂ ಹಣ ಸಂದಿರಬಹುದು! ಆದಕಾರಣ ಜಾಗರೂಕರಾದ ರಚನಕಾರರು ಪ್ರತಿಯೊಂದು ಪಾವತಿಗೂ ಬೇರೆ ಬೇರೆ ಗುರುತನ್ನು ಲಗತ್ತಿಸುತ್ತಾರೆ. ಮರುಯತ್ನದಲ್ಲಿ ಅದೇ ಗುರುತು ಬಂದರೆ ಸರ್ವರ್ ಮತ್ತೆ ಹಣ ಕಡಿಯದೆ ಹಿಂದಿನ ಫಲಿತಾಂಶವನ್ನೇ ಹಿಂದಿರುಗಿಸುತ್ತದೆ.

ಮುಂದೆ ಪ್ರೋಗ್ರಾಮುಗಳನ್ನು ಬರೆಯಲಿರುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ದೋಷ ಯಾರದು, ಮುಂದೆ ಮಾಡಬೇಕಾದುದೇನು ಎಂಬೆರಡನ್ನು ತಿಳಿಸಿದರೆ ಮಾತ್ರ ತಪ್ಪಿನ ವರದಿ ಪೂರ್ಣವಾಗುತ್ತದೆ.